ಟಿಪ್ಪರ್ ಕತ್ತರಿಸಿದ ಮೋಹನದಾಸ

ಮೂಲ್ಕಿಯ ಮೋಹನದಾಸ ಸಿಡ್ನಿಯಲ್ಲಿ ಹದಿನಾಲ್ಕು ವರ್ಷ ಸ್ವಂತ ಟಿಪ್ಪರ್ ಓಡಿಸಿದರು. ರೌಸ್ ಹಿಲ್‌ನ ಎಷ್ಟೋ ಮನೆಗಳ ಪಾಯದ ಮಣ್ಣು ಸಾಗಿಸಿದ್ದು ಅವರೇ. ಐವತ್ತೆರಡಕ್ಕೆ ಬೆನ್ನು ಸೋತಿತು. ಸೈಟುಗಳ ಗುಂಡಿ ಸಾಕು, ಹೆದ್ದಾರಿಯಲ್ಲಿ ಟ್ರೇಲರ್ ಎಳೆದು ಮೆಲ್ಬರ್ನ್‌ಗೆ ಹೋಗಿಬರೋಣ ಎಂದು ಅದರ ಲೈಸೆನ್ಸೂ ಮಾಡಿಸಿಕೊಂಡರು.

ಟ್ರೇಲರ್ ಎಳೆಯಲೆಂದೇ ಮಾಡಿದ ಹಳೆಯ ನೀಲಿ ಪ್ರೈಮ್ ಮೂವರ್ ಒಂದು ಮೆಲ್ಬರ್ನ್‌ನಲ್ಲಿ ಮಾರಾಟಕ್ಕಿತ್ತು. ಅಲ್ಲೇ ಕ್ಲೇಟನ್ ಹತ್ತಿರ ವರ್ಕ್‌ಶಾಪ್ ಇಟ್ಟಿದ್ದ ಬೆಂಗಳೂರಿನ ಸುಧನ್ವನನ್ನು ಜೊತೆಗೆ ಕರೆದೊಯ್ದರು. ಅವನು ಗಾಡಿಯಡಿ ನುಸುಳಿ ನೋಡಿ, ಎದ್ದು ಕೈ ಒರೆಸಿಕೊಂಡ.

"ಬೇಡ ಅಂಕಲ್, ಇಂಜಿನ್ ಹೋಗಿದೆ. ನಿಮ್ಮ ಟಿಪ್ಪರ್ ಚಿನ್ನ ಅಲ್ವಾ? ಹಿಂದಿನ ತೊಟ್ಟಿ ತೆಗೆದು, ಚಾಸಿ ಕತ್ತರಿಸಿ, ಟ್ರೇಲರ್‌ಗೆ ಕೊಂಡಿ ಕೂರಿಸಿ ಕೊಡ್ತೀನಿ."

ಹೆಂಡತಿ ಕುಸುಮಾವತಿಗೆ ಇದು ಸರಿಬರಲಿಲ್ಲ. "ಎಳೆಯುವ ಗಾಡಿಯನ್ನೇ ತೆಗೊಳ್ಳಿ ಮಾರಾಯ್ರೆ. ಇದನ್ನು ಯಾಕೆ ಕೊಯ್ಯುವುದು?"

"ಗಾಡಿ ವಿಷಯ ನಿಂಗೆ ಎಂತ ಗೊತ್ತುಂಟು?" ಎಂದು ಅವರು ಬಾಯಿ ಮುಚ್ಚಿಸಿದರು.

ಟಿಪ್ಪರ್ ಸುಧನ್ವನ ವರ್ಕ್‌ಶಾಪ್ ಸೇರಿತು, ತೊಟ್ಟಿ ಮಾರಿಹೋಯಿತು. ಕೆಲಸ ಐದು ತಿಂಗಳು ಎಳೆಯಿತು. ಕೊನೆಗೆ ಸರ್ಟಿಫಿಕೇಟ್ ಕೊಡಬೇಕಾದ ಇಂಜಿನಿಯರ್ ಬಂದು ಹತ್ತೇ ನಿಮಿಷದಲ್ಲಿ ಆಗದೆಂದು ತಲೆಯಾಡಿಸಿದ. ಈ ಗೇರ್‌ಬಾಕ್ಸ್ ಅಷ್ಟು ಭಾರಕ್ಕೆ ಮಾಡಿದ್ದಲ್ಲ, ಕತ್ತರಿಸುವ ಮೊದಲೇ ಕೇಳಬೇಕಿತ್ತು ಎಂದು ಸಹಿ ಹಾಕದೆ ಹೋದ.

"ಟ್ರೈ ಮಾಡೋಣ ಅಂದಿದ್ದೆ ಅಂಕಲ್, ಗ್ಯಾರಂಟಿ ಅಂದಿರಲಿಲ್ಲ," ಎಂದ ಸುಧನ್ವ.

ಟಿಪ್ಪರ್ ಗುಜರಿಗೆ ಹೋಯಿತು. ಯಂತ್ರದ ಉಗುರು ತಮ್ಮ ಸೀಟಿನೊಳಗೆ ಇಳಿಯುವುದನ್ನು ಮೋಹನದಾಸ ನಿಂತು ನೋಡಿದರು. ಸ್ಪ್ಯಾನರುಗಳನ್ನು ತರಲು ವರ್ಕ್‌ಶಾಪ್‌ಗೆ ಮರಳಿದಾಗ ಹಿತ್ತಲಲ್ಲಿ ಆ ನೀಲಿ ಗಾಡಿ ನಿಂತಿತ್ತು. ಬಾಗಿಲ ಮೇಲೆ ಸುಧನ್ವನ ಹೆಸರು. ಇಂಜಿನ್‌ಗೆ ಏನೂ ಆಗಿರಲಿಲ್ಲ.

ಸುಧನ್ವ ನಾಚಲಿಲ್ಲ. "ಡ್ರೈವರ್ ಬೇಕಿತ್ತು ಅಂಕಲ್. ನಿಮ್ಮ ಹತ್ರ ಲೈಸೆನ್ಸ್ ಇದೆ, ಗಾಡಿ ಇಲ್ಲ."

ಮೋಹನದಾಸರ ಕೈ ಅವನ ಕೊರಳಪಟ್ಟಿಯವರೆಗೆ ಹೋಯಿತು. ಅಲ್ಲಿಂದಲೇ ಕೆಳಗಿಳಿಯಿತು. ನೀಲಿ ಗಾಡಿಯ ಕೀ ತೆಗೆದುಕೊಂಡರು.

ದೀಪಾವಳಿಗೆ ಸಿಡ್ನಿಯಲ್ಲಿ ಊರವರೆಲ್ಲ ಊಟಕ್ಕೆ ಸೇರಿದ್ದರು. ಸುಧನ್ವನೂ ಬಂದಿದ್ದ. ಎಲ್ಲರೆದುರು ಮೋಹನದಾಸರ ಹೆಗಲ ಮೇಲೆ ಕೈ ಹಾಕಿ, "ಒಳ್ಳೇ ಟಿಪ್ಪರ್‌ನ ಕೊಯ್ದು ಕೊಂದ ಮಹಾನುಭಾವ ಇವರೇ," ಎಂದ. ಜನ ಗೊಳ್ಳೆಂದರು. ಮೋಹನದಾಸ ಎಲ್ಲರಿಗಿಂತ ಜೋರಾಗಿ ನಕ್ಕರು. ಕುಸುಮಾವತಿ ತಟ್ಟೆ ಇಟ್ಟು ಕಾರಿಗೆ ಹೋಗಿ ಕುಳಿತರು.

"ನೀವು ಯಾಕೆ ನೆಗಾಡಿದ್ದು?" ದಾರಿಯಲ್ಲಿ ಕೇಳಿದರು.

"ಸೋಮವಾರ ಲೋಡ್ ಉಂಟು," ಎಂದರು ಮೋಹನದಾಸ.