ಕವಾತು ಮಾಡಿದ ಕ್ರಿಸ್‌ಮಸ್ ಗಿಡ

ನನ್ನ ಮಗಳು ಗೀತು ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವಳ ತಲೆಯ ಮೇಲೆ ಮೊದಲು ಕೈಯಿಟ್ಟವರು ಮಾದನ್ ಅಯ್ಯ, ನಾವು ಬಾಡಿಗೆಗಿರುವ ಮನೆಯ ಯಜಮಾನರು. ಊಟಿಯ ಪಕ್ಕದ ಲವ್‌ಡೇಲ್ ಸ್ಟೇಷನ್ನಿನಿಂದ ಕೆಳಗಿಳಿದರೆ ಸಿಗುವ ಹಟ್ಟಿಯಲ್ಲಿ ಮನೆಯ ಮುಂಭಾಗ ಅವರದು, ಹಿಂದಿನ ಎರಡು ಕೋಣೆ ನಮ್ಮದು. ನನ್ನ ಗಂಡ ನಟರಾಜನಿಗೆ ಊಟಿ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ, ಬಾಳೆಎಲೆಯ ಅಂಗಡಿ. ಎಲೆ ಬರುವುದು ಗುಂಡ್ಲುಪೇಟೆ ಕಡೆಯ ನಮ್ಮವರ ತೋಟಗಳಿಂದ. ಇಲ್ಲಿ ನಮಗೆ ನೆಂಟರಿಲ್ಲ. ಹಾಗಾಗಿ ಆ ಕೈ ನನಗೆ ದೊಡ್ಡದು.

ಹಟ್ಟಿಯವರು ನೀಲಗಿರಿಯ ಬಡಗರು. ಅವರಲ್ಲಿ ಚಿಕ್ಕವರು ಹಿರಿಯರನ್ನು ಕಂಡರೆ ತಲೆ ಬಾಗಿಸಿ ನಿಲ್ಲುತ್ತಾರೆ. ಹಿರಿಯರು ತಲೆಯ ಮೇಲೆ ಕೈಯಿಟ್ಟು "ಬದುಕು, ಬದುಕು" ಎನ್ನುತ್ತಾರೆ. ಶಾಲೆ ಬಿಟ್ಟ ಹಟ್ಟಿಯ ಮಕ್ಕಳು ಮಾದನ್ ಅಯ್ಯನ ಜಗಲಿಯ ಮುಂದೆ ಒಂದು ಕ್ಷಣ ನಿಂತು, ತಲೆ ಕೊಟ್ಟು, ಮತ್ತೆ ಓಡುತ್ತಿದ್ದರು.

ಅದೇ ಕೈ ಇನ್ನೊಂದು ಕೆಲಸಕ್ಕೂ ಹೆಸರಾಗಿತ್ತು. ಟೀ ಗಿಡ ಮುದಿಯಾಗಿ ಎಲೆ ಕಡಿಮೆಯಾದಾಗ ಅದನ್ನು ಮೊಣಕಾಲೆತ್ತರಕ್ಕೆ ಬೋಳು ಕಡ್ಡಿಯಾಗಿ ಕತ್ತರಿಸುತ್ತಾರೆ. ಅದಕ್ಕೆ ಕವಾತು ಎಂದು ಹೆಸರು. ನಾನು ಮೊದಲ ಸಲ ನೋಡಿದಾಗ ತೋಟವೇ ಹಾಳಾಯಿತೆಂದು ಗಾಬರಿಯಾಗಿದ್ದೆ. ಆಮೇಲೆ ಮಳೆ ಬಿದ್ದು ಆ ಕಡ್ಡಿಗಳ ಮೈತುಂಬ ಚಿಗುರೊಡೆಯಿತು. ಸುತ್ತಲಿನ ಹಟ್ಟಿಯವರೂ ಕವಾತಿಗೆ ಮಾದನ್ ಅಯ್ಯನನ್ನೇ ಕರೆಯುತ್ತಿದ್ದರು.

ಅವರಿಗೆ ಇದ್ದದ್ದು ಒಬ್ಬಳೇ ಮಗಳು, ಜೀವಿತಾ. ಊಟಿಯ ಒಂದು ನರ್ಸರಿಯಲ್ಲಿ ಗಿಡ ನೋಡಿಕೊಳ್ಳುವ ಕೆಲಸದಲ್ಲಿದ್ದಳು. ರಕ್ತದ ಕಾಯಿಲೆ ಎಂದು ತಿಳಿದ ಮೇಲೆ ಕೆಲಸ ಬಿಟ್ಟು ಮನೆಗೆ ಬಂದಳು. ಬರುವಾಗ ಒಂದು ಕುಂಡ ತಂದಳು. ಅದರಲ್ಲಿ ಗೋಪುರದ ಹಾಗೆ ಒತ್ತಾಗಿ ಬೆಳೆದ, ಮೊಣಕಾಲಿಗೂ ಬಾರದ ಸೂಜಿಯೆಲೆಯ ಗಿಡ. ಹೆಸರು ಏನೋ ಉದ್ದದ್ದು ಹೇಳಿದ್ದಳು. ಹಟ್ಟಿಯಲ್ಲಿ ಎಲ್ಲರೂ ಅದನ್ನು ಕ್ರಿಸ್‌ಮಸ್ ಗಿಡ ಎಂದೇ ಕರೆದರು.

"ಇದು ಎಷ್ಟು ಎತ್ತರ ಆಗುತ್ತೆ?" ಎಂದು ಮಾದನ್ ಅಯ್ಯ ಕೇಳಿದ್ದರು.

"ಇದು ಕುಳ್ಳ ಜಾತಿ ಅಪ್ಪ. ಹೆಚ್ಚು ಕಡಿಮೆ ಇಷ್ಟೇ."

"ಬೆಳೆಯದ ಗಿಡಕ್ಕೆ ನೀರು ಬೇರೆ ಕೇಡು."

"ನೀವು ಬೆಳೆಯೋದು ನಿಂತು ಎಷ್ಟು ವರ್ಷ ಆಯಿತು? ಅವ್ವೆ ಇನ್ನೂ ಕಾಪಿ ಕೊಡ್ತಾ ಇಲ್ಲವಾ?"

ಒಳಗಿನಿಂದ ಲಿಂಗಿ ಅಮ್ಮ, ಮಾದನ್ ಅಯ್ಯನ ಹೆಂಡತಿ, ನಕ್ಕದ್ದು ನಮ್ಮ ಕೋಣೆಗೂ ಕೇಳಿಸಿತ್ತು.

ಜೀವಿತಾ ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡಿಯೇ ನೀರು ಹಾಕುತ್ತಿದ್ದಳು. ಪ್ರತಿದಿನ ಬೆಳಿಗ್ಗೆ ಅಪ್ಪನ ಮುಂದೆ ತಲೆ ಬಾಗಿಸುತ್ತಿದ್ದಳು. ಅವರು ಕೈಯಿಟ್ಟು "ಬದುಕು" ಎನ್ನುತ್ತಿದ್ದರು. ಔಷಧಿಗೆ ಕೂದಲು ಉದುರಿದ ಮೇಲೆ ಉಣ್ಣೆಯ ಟೊಪ್ಪಿಯ ಮೇಲೆಯೇ ಕೈಯಿಡುತ್ತಿದ್ದರು. ಜುಲೈ ಕೊನೆಗೆ, ಆಡಿ ತಿಂಗಳ ಮಳೆಯಲ್ಲಿ ಜೀವಿತಾ ಹೋದಳು. ಆಗ ಗೀತು ನನ್ನ ಹೊಟ್ಟೆಯಲ್ಲಿದ್ದಳು.

ಆ ಚಳಿಗಾಲ ಕುಂಡಕ್ಕೆ ಯಾರೂ ನೀರು ಹಾಕಲಿಲ್ಲ. ಮರೆತದ್ದಲ್ಲ. ಬೆಳಿಗ್ಗೆ ಎದ್ದರೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಹಿಮ, ಮೈ ಕೊರೆಯುವ ಚಳಿ. ಇಷ್ಟು ತಣ್ಣಗಿರುವಾಗ ಗಿಡಕ್ಕೆ ನೀರು ಯಾಕೆ ಎಂದುಕೊಂಡೆವು. ಹತ್ತು ಗಂಟೆಯ ಮೇಲಿನ ಸುಡುಬಿಸಿಲು, ಒಣಗಾಳಿ ಲೆಕ್ಕಕ್ಕೆ ಬರಲಿಲ್ಲ. ಫೆಬ್ರವರಿಯ ಹೊತ್ತಿಗೆ ಗಿಡದ ಒಂದು ಮಗ್ಗುಲು ತುಕ್ಕಿನ ಬಣ್ಣಕ್ಕೆ ತಿರುಗಿತ್ತು.

"ಹಿಮ ಸುಟ್ಟಿದೆ" ಎಂದರು ಮಾದನ್ ಅಯ್ಯ. ಹಿಮ ಸುಟ್ಟ ಟೀಗೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಕವಾತು ಕತ್ತಿಯನ್ನು ಕಲ್ಲಿಗೆ ಮಸೆದು ತಂದರು. ಕುಂಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಣಗಿದ ಮಗ್ಗುಲನ್ನು ಬುಡದ ತನಕ ಬೋಳು ಕಡ್ಡಿ ಮಾಡಿದರು. ಕತ್ತರಿಸಿದ ತುದಿ ಸೀಳದಂತೆ, ಅಷ್ಟು ಅಚ್ಚುಕಟ್ಟಾಗಿ. "ಏಪ್ರಿಲ್ ಮಳೆ ಬೀಳಲಿ, ಚಿಗುರುತ್ತೆ" ಎಂದರು. ಮಗಳು ಹೋದ ಮೇಲೆ ಅವರು ಮನಸ್ಸಿಟ್ಟು ಮಾಡಿದ ಮೊದಲ ಕೆಲಸ ಅದು. ಲಿಂಗಿ ಅಮ್ಮ ಆ ದಿನ ಅವರಿಗೂ ನನಗೂ ಬಿಸಿ ಕಾಪಿ ತಂದುಕೊಟ್ಟು, ನಮ್ಮ ಜೊತೆ ಬಿಸಿಲಿನಲ್ಲಿ ಕೂತರು.

ಏಪ್ರಿಲ್ ಮಳೆ ಬಂತು. ಟೀ ಚಿಗುರಿತು. ಗಿಡದ ಆ ಮಗ್ಗುಲು ಹಾಗೇ ಇತ್ತು.

ಅದೇ ತಿಂಗಳು ನರ್ಸರಿಯಿಂದ ಕಾರ್ತಿಕೇಯನ್ ಎನ್ನುವವರು ಬಂದರು. ಜೀವಿತಾ ಜೊತೆಯಲ್ಲಿ ಕೆಲಸ ಮಾಡಿದವರು. ಅಲ್ಲೇ ಉಳಿದಿದ್ದ ಅವಳ ರೇನ್‌ಕೋಟು, ಊಟದ ಡಬ್ಬಿ ತಂದಿದ್ದರು. ಕಾಪಿ ಕುಡಿಯುತ್ತಾ ಕುಂಡದ ಕಡೆ ನೋಡಿ, "ಯಾರು ಕತ್ತರಿಸಿದ್ದು?" ಎಂದರು.

"ನಾನೇ. ಇನ್ನೂ ಚಿಗುರಲಿಲ್ಲ" ಎಂದರು ಮಾದನ್ ಅಯ್ಯ.

ಕಾರ್ತಿಕೇಯನ್ ಲೋಟ ಕೆಳಗಿಟ್ಟರು. ಹೇಳಬೇಕೋ ಬೇಡವೋ ಎಂದು ಅವರು ತಡವರಿಸಿದ್ದು ನನಗೆ ಕಂಡಿತು. "ಅಯ್ಯಾ, ಇದು ಟೀ ತರಹ ಅಲ್ಲ. ಹಸಿರಿರೋ ತುದಿಯಲ್ಲಿ ಮಾತ್ರ ಚಿಗುರುತ್ತೆ. ಬೋಳು ಕಡ್ಡಿ ಮಾಡಿದರೆ ಅಲ್ಲಿ ಮತ್ತೆ ಬರೋದಿಲ್ಲ. ಉಳಿದ ಕಡೆಗೆ ನೀರು ತಪ್ಪಿಸಬೇಡಿ, ಚಳಿಗಾಲದಲ್ಲೂ."

ಮಾದನ್ ಅಯ್ಯ ತಲೆಯಾಡಿಸಿದರು. ಕಾರ್ತಿಕೇಯನ್ ಅವರನ್ನು ರಸ್ತೆಯ ತನಕ ಹೋಗಿ ಬಿಟ್ಟು ಬಂದರು. ಸಂಜೆ ಶಾಲೆಯ ಮಕ್ಕಳು ಬಂದು ತಲೆ ಬಾಗಿಸಿ ನಿಂತಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಹೋಗಿ, ಹೋಗಿ, ಅವ್ವೆ ಕಾಯ್ತಾ ಇರ್ತಾಳೆ" ಎಂದರು. ಮಾರನೆಯ ದಿನವೂ ಅಷ್ಟೇ. ಕೆಲವು ದಿನಕ್ಕೆ ಮಕ್ಕಳು ನಿಲ್ಲುವುದನ್ನೇ ಬಿಟ್ಟರು. ಕವಾತಿಗೆ ಕರೆಯಲು ಬಂದವರಿಗೆ ಸೊಂಟನೋವು ಎಂದು ಹೇಳಿ ಕಳಿಸಿದರು.

ಆದರೆ ಗಿಡಕ್ಕೆ ನೀರು ಹಾಕತೊಡಗಿದರು. ಬೇಸಿಗೆಯಲ್ಲಿ ನಲ್ಲಿ ನೀರು ಬಂದ ದಿನ ಬಂತು, ಬಾರದ ದಿನ ಇಲ್ಲ. ಅವರು ಕೆಳಗಿನ ಒರತೆಗೆ ಹೋಗಿ ಕೊಡ ಹೊತ್ತು ತರುತ್ತಿದ್ದರು. "ಸೊಂಟನೋವು ಹತ್ತೋವಾಗ ಇಲ್ಲವಾ?" ಎಂದು ಲಿಂಗಿ ಅಮ್ಮ ಚುಚ್ಚುತ್ತಿದ್ದರು. "ಸಾರಿಗೆ ನೀರಿಲ್ಲ, ಮೊದಲ ಚೊಂಬು ಗಿಡಕ್ಕೆ." ನಾನು ಅಕ್ಕಿ ತೊಳೆದ ನೀರನ್ನು ಎತ್ತಿಟ್ಟು ಕೊಡುತ್ತಿದ್ದೆ. ಅವರು ಮಗಳ ಹಾಗೆಯೇ ಬೆರಳು ಚುಚ್ಚಿ ನೋಡಿ, ಬುಡಕ್ಕೆ ಮಾತ್ರ, ನಿಧಾನವಾಗಿ ಹೊಯ್ಯುತ್ತಿದ್ದರು.

ಜೂನಿನಲ್ಲಿ ಮಂಜು, ಜಿನುಗು ಮಳೆ ಶುರುವಾಯಿತು. ಇನ್ನು ಬಿಡುವು ಎಂದುಕೊಂಡೆವು. ಒಂದು ದಿನ ಅವರು ನನ್ನನ್ನು ಕರೆದು, "ಇಲ್ಲಿ ಬೆರಳಿಡಮ್ಮಾ" ಎಂದರು. ಗಿಡದ ಮೈಯೆಲ್ಲ ಒದ್ದೆ, ಬುಡದ ಮಣ್ಣು ಪುಡಿಪುಡಿ. ಒತ್ತಾದ ಎಲೆ ಕೊಡೆಯ ಹಾಗೆ ನೀರನ್ನು ಹೊರಗೆ ಜಾರಿಸಿಬಿಡುತ್ತಿತ್ತು. ಅಂದಿನಿಂದ ಕೊಡೆ ಹಿಡಿದುಕೊಂಡು ಮಳೆಯಲ್ಲಿ ನಿಂತು ಗಿಡಕ್ಕೆ ನೀರು ಹಾಕುವ ಮನುಷ್ಯನನ್ನು ಹಟ್ಟಿ ನೋಡಿತು. ಯಾರೂ ನಗಲಿಲ್ಲ. ಅಕ್ಟೋಬರಿನಲ್ಲಿ ಐಪ್ಪಸಿ ತಿಂಗಳ ಜಡಿಮಳೆಗೆ ಕುಂಡದಲ್ಲಿ ನೀರು ನಿಂತಾಗ ಇಟ್ಟಿಗೆಯ ಮೇಲೆ ಎತ್ತಿಟ್ಟು, ತಳದ ತೂತಿಗೆ ಕಡ್ಡಿ ಹಾಕಿ ಬಿಡಿಸಿದರು.

ಆ ಮಳೆಯಲ್ಲೇ ಗೀತುವಿನ ಮೊದಲ ಹುಟ್ಟುಹಬ್ಬ. ಹೊಸ ಫ್ರಾಕು ತೊಡಿಸಿ ಜಗಲಿಗೆ ಒಯ್ದೆ. "ಅಯ್ಯಾ, ಮಗೂಗೆ ಒಂದು ಮಾತು ಹೇಳಿ" ಎಂದು ಅವಳ ತಲೆಯನ್ನು ಮುಂದೆ ಮಾಡಿದೆ.

ಅವರ ಕೈ ಅರ್ಧ ಎದ್ದು ನಿಂತಿತು. ಆಮೇಲೆ ಶಾಲಿನೊಳಗೆ ಹೋಯಿತು.

"ನನ್ನ ಕೈ ಬೇಡಮ್ಮಾ. ಜೀವಿತಾಗೆ ದಿನಾ ಬದುಕು ಅಂದೆ. ಅವಳು ಇಟ್ಟು ಹೋದ ಗಿಡಕ್ಕೆ ಒಳ್ಳೇದಾಗಲಿ ಅಂತಲೇ ಕತ್ತಿ ಇಟ್ಟೆ. ನಿನ್ನದು ಒಂದೇ ಕೂಸು. ಬೇರೆ ಹಿರಿಯರ ಹತ್ತಿರ ಕರಕೊಂಡು ಹೋಗು."

ಲಿಂಗಿ ಅಮ್ಮ ಗೀತುವನ್ನು ಎತ್ತಿಕೊಂಡು ಒಳಗೆ ಹೋಗಿ, ಅವಳ ಬಾಯಿಗೆ ಬೆಲ್ಲ ಇಟ್ಟರು. ರಾತ್ರಿ ನಟರಾಜ, "ಬೇರೆ ಯಾರನ್ನಾದರೂ ಕೇಳೋಣವಾ?" ಎಂದ. ಬೇಡ ಎಂದೆ.

ಮತ್ತೆ ಹಿಮದ ಕಾಲ ಬಂತು. ಸಂಜೆಯಾದರೆ ಮಾದನ್ ಅಯ್ಯ ಒಣ ಜರಿಗಿಡ ತಂದು ಕುಂಡದ ಸುತ್ತ ಹೊದಿಸುತ್ತಿದ್ದರು. ಬೆಳಿಗ್ಗೆ ಬಿಸಿಲು ಬಂದು ಮಣ್ಣು ಸಡಿಲವಾಗುವ ತನಕ ಕಾದು, ಆಮೇಲೆ ಬೆರಳಿಟ್ಟು ನೋಡಿ ನೀರು ಹಾಕುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಹಾಕಿದರೆ ನೀರು ಕುಂಡದಲ್ಲೇ ಹೆಪ್ಪುಗಟ್ಟುತ್ತದೆ. ಪ್ರತಿ ಸಲವೂ ಕುಂಡದ ಆಚೆಗೆ ಹೋಗಿ, ಬೋಳು ಮಗ್ಗುಲನ್ನು ಬಗ್ಗಿ ನೋಡಿಯೇ ಚೊಂಬು ಕೆಳಗಿಡುತ್ತಿದ್ದರು. ಕಾರ್ತಿಕೇಯನ್ ಹೇಳಿದ್ದನ್ನು ಅವರು ನಂಬಿರಲಿಲ್ಲವೋ, ನಂಬಿಯೂ ನೋಡುತ್ತಿದ್ದರೋ, ನಾನು ಕೇಳಲಿಲ್ಲ.

ಈಗ ಮಾರ್ಚ್ ಮೊದಲ ವಾರ. ಇವತ್ತು ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದೆ. ಲಿಂಗಿ ಅಮ್ಮ ಜಗಲಿಯಲ್ಲಿ ಬಟಾಣಿ ಬಿಡಿಸುತ್ತಾ ಕೂತಿದ್ದರು. ಮಾದನ್ ಅಯ್ಯ ಎಂದಿನಂತೆ ಆಚೆ ಮಗ್ಗುಲಿಗೆ ಬಗ್ಗಿದ್ದರು.

"ವರ್ಷ ಪೂರ್ತಿ ನೋಡಿದ್ದು ಸತ್ತ ಕಡೆ. ನೀರು ಕುಡಿದದ್ದು ಈ ಕಡೆ" ಎಂದರು ಲಿಂಗಿ ಅಮ್ಮ, ಬಟಾಣಿಯಿಂದ ತಲೆ ಎತ್ತದೆ.

ಮಾದನ್ ಅಯ್ಯ ಈಚೆಗೆ ಬಂದರು. ಹಸಿರು ಮಗ್ಗುಲಿನ ತುದಿತುದಿಯಲ್ಲೂ ಎಳೆಯ, ತಿಳಿ ಹಸಿರಿನ ಚಿಗುರು ಮೂಡಿತ್ತು. ಮುಟ್ಟಿ ನೋಡಿದರು. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತರು. ಆಮೇಲೆ ಹೇಳಿದರು, "ಆ ಕಡೆ ಇನ್ನು ಬರೋದಿಲ್ಲ."

"ಬರೋದಿಲ್ಲ" ಎಂದರು ಲಿಂಗಿ ಅಮ್ಮ. ಅವರ ಕೈ ನಿಂತಿತ್ತು.

ಇಬ್ಬರೂ ಸೇರಿ ಕುಂಡವನ್ನು ತಿರುಗಿಸಿದರು. ಬೋಳು ಮಗ್ಗುಲು ಗೋಡೆಗೆ, ಹಸಿರು ಮಗ್ಗುಲು ಬಿಸಿಲಿಗೆ.

ಗೀತು ಈಗಷ್ಟೇ ನಡೆಯಲು ಕಲಿತಿದ್ದಾಳೆ. ಬೀಳುತ್ತಾ ಏಳುತ್ತಾ ಕುಂಡದ ಹತ್ತಿರ ಹೋಗಿ ಚಿಗುರಿಗೆ ಕೈಹಾಕಿದಳು. "ಕೀಳಬೇಡ ಕೂಸೇ" ಎಂದು ಮಾದನ್ ಅಯ್ಯ ಅವಳ ಕೈ ಬಿಡಿಸಿ ತಮ್ಮ ಕಡೆ ತಿರುಗಿಸಿಕೊಂಡರು. ಅವಳು ಅವರ ಮೊಣಕಾಲಿಗೆ ಹಣೆಯೊತ್ತಿ ನಿಂತುಬಿಟ್ಟಳು. ಅವರು ನನ್ನ ಕಡೆ ನೋಡಿದರು. ನಾನು ಅವಳನ್ನು ಕರೆಯದೆ ಇನ್ನೊಂದು ಒದ್ದೆ ಬಟ್ಟೆಯನ್ನು ಹಗ್ಗಕ್ಕೆ ಹಾಕಿದೆ.

ಬೆರಳಿಗೆ ಮೆತ್ತಿದ್ದ ಹಸಿ ಮಣ್ಣಿನೊಂದಿಗೇ ಆ ಕೈ ನನ್ನ ಮಗಳ ತಲೆಯ ಮೇಲೆ ಬಂತು. "ಬದುಕು" ಎಂದರು.

"ಕೈಯಾದರೂ ತೊಳಕೊಳ್ಳಬಾರದಾ" ಎಂದರು ಲಿಂಗಿ ಅಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ.

ಇವತ್ತು ಗೀತುವಿಗೆ ತಲೆಸ್ನಾನ ಮಾಡಿಸಬೇಕಿತ್ತು, ನೀರೂ ಕಾಯಿಸಿದ್ದೆ. ನಾಳೆ ಮಾಡಿಸಿದರಾಯಿತು ಎಂದು ತಲೆಯ ಮಣ್ಣನ್ನು ಹಾಗೇ ಬಿಟ್ಟು, ಮೈಗೆ ಮಾತ್ರ ನೀರು ಹಾಕಿ ಮಲಗಿಸಿದ್ದೇನೆ.