ಬಿಳಿ ಬಟ್ಟೆಯ ಮೇಲಿಟ್ಟ ಅಣಬೆ

ನಮ್ಮ ದೊಡ್ಡಮ್ಮನಿಗೆ ಅಣಬೆಯ ಹುಚ್ಚು. ತಿನ್ನುವ ಹುಚ್ಚಾಗಿದ್ದರೆ ನಾನು ನನ್ನ ಪಾಡಿಗೆ ಇರುತ್ತಿದ್ದೆ. ಇವಳಿಗೆ ಅವುಗಳನ್ನು ದಾಖಲಿಸುವ ಹುಚ್ಚು! ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ದಿನವಿಡೀ ಬಿಳಿ ಹೊದಿಕೆಗಳನ್ನು ಬೆಳಕಿಗೆ ಹಿಡಿದು ಕಲೆ ಹುಡುಕುವುದು. ಊಟದ ಬಿಡುವಿನಲ್ಲಿ ಹಿಂದಿನ ಅಂಗಳದ ಮುದಿ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಭೂತಗನ್ನಡಿ ಹಿಡಿದು ಅಣಬೆ ನೋಡುವುದು.

ಬೇಕಾದ ಸಾಮಾನು ಒದಗಿಸುವ ಕರ್ಮ ನನ್ನದು. ಫೋನಿಗೆ ಆ್ಯಪ್ ಹಾಕಿಕೊಟ್ಟೆ. ಅದು ಒಂದೇ ಅಣಬೆಗೆ ಬೆಳಿಗ್ಗೆ ಒಂದು ಹೆಸರು, ಮಧ್ಯಾಹ್ನ ಇನ್ನೊಂದು ಹೆಸರು ಹೇಳಿತು. ಗ್ರಂಥಾಲಯದಿಂದ ದಪ್ಪ ಪುಸ್ತಕ ಹೊತ್ತು ತಂದೆ; ಅದರ ತುಂಬ ಎಲ್ಲಿಯದೋ ಕಾಡಿನ ಅಣಬೆಗಳು. ಕೊನೆಗೆ ಅಣಬೆ ದಾಖಲಿಸುವವರ ಸಂಘವೊಂದು ಸಿಕ್ಕಿತು. ನಾವು ಕಳಿಸಿದ ಫೋಟೋ ನೋಡಿ ಅವರ ಕಾರ್ಯದರ್ಶಿ ಫೋನ್ ಮಾಡಿದರು.

"ಫೋಟೋ ಒಂದೇ ಸಾಲದಮ್ಮ. ಒಣಗಿಸಿದ ಅಣಬೆ ಬೇಕು, ಅದರ ಬೀಜಕಗಳ ಅಚ್ಚೂ ಬೇಕು. ಎರಡೂ ಬಂದ್ರೆ, ಯಾವ ಅಣಬೆ ಯಾವ ಊರಲ್ಲಿದೆ ಅಂತ ತೋರಿಸೋ ನಮ್ಮ ನಕ್ಷೆಗೆ ಸೇರಿಸ್ತೀವಿ. ಈ ಜಾತಿ ನಿಮ್ಮೂರಲ್ಲಿದೆ ಅಂತ ಇದುವರೆಗೂ ಯಾರೂ ಹೇಳಿಲ್ಲ."

ದೊಡ್ಡಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ವಾಹನ ನಿಲ್ಲಿಸಲು ಜಾಗ ಬೇಕೆಂದು ಆ ಮರವನ್ನು ಕಡಿಯುವುದು ಆಗಲೇ ತೀರ್ಮಾನವಾಗಿತ್ತು. "ಮರ ಹೋದ್ರೂ ಅಣಬೆ ಹೆಸರಾದ್ರೂ ಉಳೀಲಿ" ಎಂದು ಕಾದು ಕೂತಳು. ಆ ಮಳೆಗೆ ಎದ್ದದ್ದು ಒಂದೇ ಒಂದು ಅಣಬೆ.

ಅಚ್ಚು ತೆಗೆಯುವುದೇನೂ ಕಷ್ಟವಲ್ಲ. ಅಣಬೆಯ ಕೊಡೆಯನ್ನು ಹಾಗೇ ಕೆಳಮುಖವಾಗಿಟ್ಟು ಬಟ್ಟಲು ಮುಚ್ಚಿದರೆ ಬೀಜಕಗಳು ಪುಡಿಯಾಗಿ ಉದುರಿ ಕೆಳಗೆ ಅಚ್ಚು ಮೂಡುತ್ತದೆ. ಕಾಗದದ ಮೇಲೆ ಇಡು ಎಂದೆ. ಕೇಳಬೇಕಲ್ಲ!

"ಕಾಗದ ಏನು ಮಹಾ, ನನ್ನ ಬಟ್ಟೆ ಮೇಲೆ ಸೊಳ್ಳೆ ಕೂತ್ರೂ ಕಾಣುತ್ತೆ ಕಣೇ" ಎಂದು ಗಂಜಿ ಹಾಕಿ ಇಸ್ತ್ರಿ ಮಾಡಿದ ಅಚ್ಚ ಬಿಳಿ ಬಟ್ಟೆ ಹಾಸಿದಳು.

ಬೆಳಿಗ್ಗೆ ಬಟ್ಟಲೆತ್ತಿದರೆ ಏನೂ ಇಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದಳು, ಆಚೆ ಈಚೆ ತಿರುಗಿಸಿದಳು. "ಮುದಿಯಾಗಿಬಿಟ್ಟಿದೆ ದರಿದ್ರದ್ದು" ಎಂದು ಅಣಬೆಯನ್ನು ಕಸದ ಗಾಡಿಗೆ ಎಸೆದಳು. ಬಟ್ಟೆಯನ್ನು ಲಾಂಡ್ರಿಯ ರೂಢಿಯಂತೆ ಫಟ್ಟನೆ ಕೊಡವಿ ಮಡಚಿಟ್ಟಳು.

ಸಂಜೆ ಕಾರ್ಯದರ್ಶಿಗೆ ನಾನೇ ಫೋನ್ ಮಾಡಿ, ದೊಡ್ಡಮ್ಮನಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದೆ.

"ಅಯ್ಯೋ, ಅದರ ಬೀಜಕ ಬಿಳೀದೇ ಅಲ್ವೇನಮ್ಮ! ಕಪ್ಪು ಕಾಗದದ ಮೇಲೆ ಇಡಬೇಕಿತ್ತು."

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?" ಎಂದು ರೇಗಿದೆ. ನನಗೆ ಮೈಯೆಲ್ಲ ಉರಿದುಹೋಗಿತ್ತು. ದೊಡ್ಡಮ್ಮ ಆಗಲೇ ಬೀದಿಗೆ ಓಡಿದ್ದಳು. ಕಸದ ಗಾಡಿ ಹೋಗಿ ಎಷ್ಟೋ ಹೊತ್ತಾಗಿತ್ತು.

ಮರ ಕಡಿದ ಮೇಲೆ ಒಂದು ದಿನ ಅವಳು ನನ್ನ ಕೈಲಿ ಸಂಘದ ನಕ್ಷೆ ತೆಗೆಸಿದಳು. ಆ ಅಣಬೆಯ ಹೆಸರು ಹುಡುಕಿದೆ. ನಮ್ಮೂರಿನ ಮುಂದೆ 'ಕಂಡುಬಂದಿಲ್ಲ' ಎಂದಿತ್ತು. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ತಾನೇ ಓದಿದಳು.

"ಕಂಡುಬಂದಿಲ್ಲವಂತೆ" ಎಂದಳು. "ಪ್ರತಿ ಮಳೇಲೂ ನಾನು ನೋಡ್ತಾನೇ ಇದ್ದೆನಲ್ಲೇ. ನಾನು ಕಂಡಿದ್ದು ಕಂಡ ಹಾಗಲ್ವಾ?"