ಅಜ್ಜಿಯ ಹೂಂ

ಕಂಪ್ಲಿಯಲ್ಲಿ ಕತೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕೇಳುವವರು ನಿದ್ದೆ ಹೋದರೆಂದು ಅರ್ಥ. ಅವ್ವನ ತಾಯಿ, ನಮ್ಮ ಅಜ್ಜಿ, ಆ ಊರಿನವಳು. ಕತೆಗಷ್ಟೇ ಅಲ್ಲ, ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದಳು. ಕೊನೆಗಾಲದಲ್ಲಿ ಹೊಸಪೇಟೆಯ ನಮ್ಮ ಮನೆಯಲ್ಲಿ ಮಲಗಿದಾಗ ಅವಳ ಬಾಯಲ್ಲಿ ಉಳಿದದ್ದೂ ಅದೊಂದೇ ಮಾತು. ಅವಳು ಉಂಡದ್ದು, ನುಂಗಿದ ಮಾತ್ರೆ, ಎಲ್ಲವನ್ನೂ ದಿನದಿನವೂ ಬರೆದಿಡುತ್ತಿದ್ದವಳು ನಾನು. ಒಂದು ಮಂಗಳವಾರದ ಪುಟದಲ್ಲಿ ಹೀಗಿದೆ: ‘ಗಂಜಿ ಬೇಕೇ? ಹೂಂ. ಬೇಡವೇ? ಹೂಂ. ಎರಡು ಚಮಚ ಹೋಯಿತು.’

ಅದೇ ಸಂಜೆ ಅವ್ವ ಪಾಸ್ಟರನ್ನು ಕರೆಸಿದಳು. ಅಪ್ಪನನ್ನು ಮದುವೆಯಾಗಿ ಅವ್ವ ಕ್ರೈಸ್ತಳಾದವಳು. ಅಜ್ಜಿಯ ಕೊರಳಲ್ಲಿ ಲಿಂಗವಿತ್ತು. ಯೇಸುವನ್ನು ಒಪ್ಪದೆ ಸತ್ತರೆ ಹೆತ್ತವಳು ನರಕಕ್ಕೆ ಹೋಗುತ್ತಾಳೆಂದು ಅವ್ವ ಸರಿಯಾಗಿ ಊಟವನ್ನೇ ಮಾಡುತ್ತಿರಲಿಲ್ಲ.

ಪಾಸ್ಟರ್ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, “ಅಮ್ಮಾರ, ಇರೋದು ಒಂದ ದಾರಿ. ಯೇಸು ಸ್ವಾಮಿನ್ನ ಒಪ್ಕೊಂತೀರೇನ್ರಿ?” ಎಂದರು.

“ಹೂಂ.”

ಅವ್ವ ನೆಲಕ್ಕೆ ಕುಸಿದು ಅತ್ತಳು. ಆಮೇಲೆ ಎದ್ದು ಹೊಟ್ಟೆ ತುಂಬ ಉಂಡಳು.

ಗುರುವಾರ ಅಜ್ಜಿ ಹೋದಳು. ಕಂಪ್ಲಿಯಿಂದ ಬಂದ ಮಾವ, ಅವ್ವನ ಅಣ್ಣ, ವಿಷಯ ತಿಳಿದು ಬಾಗಿಲಲ್ಲೇ ರೇಗಿದ. “ಬೆಕ್ಕು ಮ್ಯಾಂವ್ ಅಂದ್ರೂ ಹೂಂ ಅಂತಿದ್ಲು ನಮ್ಮವ್ವ! ಹಂಗಂತ ಬೆಕ್ಕಿನ ಜಾತಿ ಸೇರಿದ್ಲೇನು?” ನಗಬಾರದ ಹೊತ್ತಿನಲ್ಲಿ ಯಾರೋ ನಕ್ಕರು.

“ಹೆಣ ಒಯ್ಯಣ್ಣ, ನಾ ಜಗಳಾಡಂಗಿಲ್ಲ. ಆಕಿ ಜೀವ ಸೇರೋ ಕಡಿಗೆ ಸೇರೈತಿ” ಎಂದಳು ಅವ್ವ.

ಕಂಪ್ಲಿಯಲ್ಲಿ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡಿದರು. ವಾಪಸು ಬರುವ ಬಸ್ಸಿನಲ್ಲಿ ಅವ್ವ ನನ್ನನ್ನು ಕೇಳಿದಳು: “ನೀ ಅಲ್ಲೇ ಇದ್ದೆಲ್ಲ. ಆಕಿ ಒಪ್ಕೊಂಡಿದ್ದು ಖರೇ, ಹೌದಿಲ್ಲು?”

“ಕೇಳಾಕತ್ತೀನಿ ಅಂದಂಗಿತ್ತವ್ವ” ಎಂದೆ.

ಮರುದಿನ ಅವ್ವ ಹೋಗಿ ಪಾಸ್ಟರನ್ನು ಕೇಳಿಕೊಂಡು ಬಂದಳು. ಹೂಂ ಅಂದರೆ ಹೂಂ, ಅನುಮಾನ ಸೈತಾನನದು ಎಂದರಂತೆ. ಅನುಮಾನ ಯಾರದೆಂದು ಅವ್ವ ಅವರಿಗೆ ಹೇಳಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.

ದೇವರನ್ನು ನಾನೂ ಬಿಟ್ಟಿಲ್ಲ. ಭಾನುವಾರ ಪಾಸ್ಟರ್ ಒಂದೇ ದಾರಿ ಎಂದು ಬೋಧಿಸುವಾಗ ಮುಂದಿನ ಬೆಂಚಿನಲ್ಲೇ ಕೂತಿರುತ್ತೇನೆ. ಆ ಮಾತು ನಿಜವಾದರೆ, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆಚೆ ಬಿದ್ದಿದ್ದಾಳೆ. ಅವಳನ್ನು ಒಳಗೆ ಸೇರಿಸಲು ನಮ್ಮ ಬಳಿ ಇರುವುದು ಒಂದು ಸುಳ್ಳು ಮಾತ್ರ. ಮನೆಯ ಪ್ರಾರ್ಥನೆಯಲ್ಲಿ ಅವ್ವ ದಿನವೂ ತಾಯಿಯನ್ನು ರಕ್ಷಿಸಿದ್ದಕ್ಕೆ ಸ್ತೋತ್ರ ಹೇಳಿ, ಕಣ್ಣು ಮುಚ್ಚಿಕೊಂಡೇ ಇರುತ್ತಾಳೆ. ನಾನು ಆಮೆನ್ ಅನ್ನುವವರೆಗೂ ತೆರೆಯುವುದಿಲ್ಲ. ಕೆಲವು ಸಂಜೆ ಅವಳನ್ನು ಬಹಳ ಹೊತ್ತು ಕಾಯಿಸುತ್ತೇನೆ.